ಉಳಿದಷ್ಟು ದೃಷ್ಟಿಯಲ್ಲೇ ಓದಿದ ಗುರು: ಆ್ಯನ್ ಸಲಿವನ್

ಹೆಲನ್ ಕೆಲ್ಲರ್ ಅವರ ಕಥೆಯನ್ನು ಶಾಲೆಯಲ್ಲಿ ಓದದವರು ನಮ್ಮಲ್ಲಿ ವಿರಳ. ಕಣ್ಣು ಕಾಣದ, ಕಿವಿ ಕೇಳದ ಪುಟ್ಟ ಬಾಲಕಿಯ ಒಂದು ಕೈಯ ಮೇಲೆ ನೀರು ಸುರಿಸಿ, ಇನ್ನೊಂದು ಕೈಯಲ್ಲಿ ಅಕ್ಷರ ಮೂಡಿಸಿದ ಗುರುವಿನ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿದೆ. ಆದರೆ ಆ ಗುರುವಿನ ಕಣ್ಣುಗಳ ಬಗ್ಗೆ ನಾವು ಕೇಳಿರುವುದು ಬಹಳ ಕಡಿಮೆ. ಆ್ಯನ್ ಸಲಿವನ್ ಅವರು ಪೂರ್ತಿ ಕುರುಡರೂ ಆಗಿರಲಿಲ್ಲ, ಸರಿಯಾಗಿ ಕಾಣುವವರೂ ಆಗಿರಲಿಲ್ಲ. ಎಪ್ಪತ್ತು ವರ್ಷಗಳ ಬಾಳಿನ ಬಹುಭಾಗವನ್ನು ಅವರು ಈ ಎರಡರ ನಡುವಿನ ಗಡಿಯಲ್ಲಿ ಕಳೆದರು. ಇಂದು ವೈದ್ಯರು ಇದನ್ನು ‘ಲೋ ವಿಷನ್’ ಅಥವಾ ಮಂದದೃಷ್ಟಿ ಎಂದು ಕರೆಯುತ್ತಾರೆ.

ಮನೆಭೇಟಿಗೆ ಹೋಗುವ ಗುರುಗಳಿಗೆ, ಸಿಸ್ಟರುಗಳಿಗೆ, ವಾಳೆಯ ಗುರಿಕಾರರಿಗೆ ಒಂದು ದೃಶ್ಯ ಪರಿಚಿತ. ಮನೆಯ ಹಿರಿಯರು ಪ್ರಾರ್ಥನಾ ಪುಸ್ತಕವನ್ನು ಮುಚ್ಚಿ ಕಪಾಟಿನಲ್ಲಿಟ್ಟಿರುತ್ತಾರೆ. ಅಕ್ಷರ ಸರಿಯಾಗಿ ಕಾಣುತ್ತಿಲ್ಲ, ಕನ್ನಡಕ ಬದಲಿಸಿದರೂ ಪ್ರಯೋಜನವಾಗಿಲ್ಲ. ಕಷ್ಟಪಟ್ಟು ಓದಲು ಕುಳಿತರೆ, ಇದ್ದಬದ್ದ ದೃಷ್ಟಿಯೂ ಹೋದೀತೆಂದು ಮನೆಯವರೇ ಪ್ರೀತಿಯಿಂದ ತಡೆಯುತ್ತಾರೆ. ಈ ಪ್ರೀತಿಯ ಮಾತು ಎಷ್ಟು ಸರಿ? ಆ್ಯನ್ ಅವರಿಗೂ ಜೀವನವಿಡೀ ಇದೇ ಎಚ್ಚರಿಕೆಯನ್ನು ಹೇಳಲಾಗುತ್ತಿತ್ತು. ಅವರ ಬಾಳಿನ ಕಥೆಯನ್ನು ಈ ಪ್ರಶ್ನೆಯೊಂದಿಗೆ ಓದೋಣ.

ಬಡ ವಲಸಿಗರ ಮಗಳು

ಆ್ಯನ್ 1866ರ ಏಪ್ರಿಲ್ 14ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫೀಡಿಂಗ್ ಹಿಲ್ಸ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಥಾಮಸ್, ತಾಯಿ ಆ್ಯಲಿಸ್. ಬಡತನದ ಐರ್ಲೆಂಡನ್ನು ಬಿಟ್ಟು ಬಂದಿದ್ದ ಕಥೋಲಿಕ ಕುಟುಂಬ. ಮನೆಯಲ್ಲಿ ಎಲ್ಲರೂ ಆಕೆಯನ್ನು ಆ್ಯನಿ ಎಂದು ಕರೆಯುತ್ತಿದ್ದರು. ತಂದೆ ಕೂಲಿ ಕೆಲಸಗಾರ. ಕುಡಿತದ ಚಟ ಇತ್ತು. ತಾಯಿಗೆ ಕ್ಷಯರೋಗ.

ಸುಮಾರು ಐದನೇ ವಯಸ್ಸಿನಲ್ಲಿ ಆ್ಯನಿಗೆ ಟ್ರಕೋಮಾ ಎಂಬ ಕಣ್ಣಿನ ರೋಗ ಅಂಟಿಕೊಂಡಿತು. ಇದು ಒಂದು ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ಕೊಳಕು ಕೈ, ಒಬ್ಬರು ಮುಖ ಒರೆಸಿದ ಬಟ್ಟೆ, ಕಣ್ಣಿನ ಮೇಲೆ ಕೂರುವ ನೊಣ, ಇವುಗಳ ಮೂಲಕ ಮಗುವಿನಿಂದ ಮಗುವಿಗೆ ಹರಡುತ್ತದೆ. ಸೋಂಕು ಮತ್ತೆ ಮತ್ತೆ ಬಂದರೆ ರೆಪ್ಪೆಯ ಒಳಭಾಗದಲ್ಲಿ ಗಾಯದ ಕಲೆಗಳಾಗುತ್ತವೆ. ರೆಪ್ಪೆ ಒಳಕ್ಕೆ ಮಡಚಿಕೊಳ್ಳುತ್ತದೆ. ಆಗ ರೆಪ್ಪೆಗೂದಲುಗಳು ಕಣ್ಣಿನ ಮುಂಭಾಗದಲ್ಲಿರುವ ಕಾರ್ನಿಯಾ ಎಂಬ ಪಾರದರ್ಶಕ ಪದರವನ್ನು ಕಣ್ಣು ಮಿಟುಕಿಸಿದಾಗಲೆಲ್ಲ ಉಜ್ಜುತ್ತವೆ. ಗಾಜಿನಂತಿರಬೇಕಾದ ಆ ಪದರ ಕ್ರಮೇಣ ಮಬ್ಬಾಗುತ್ತದೆ. ಈ ಮಬ್ಬನ್ನು ಯಾವ ಸಾಮಾನ್ಯ ಕನ್ನಡಕವೂ ನಿವಾರಿಸಲಾರದು. ಇಂದು ಇದಕ್ಕೆ ಆ್ಯಂಟಿಬಯಾಟಿಕ್ ಔಷಧವಿದೆ. ಭಾರತವು ಟ್ರಕೋಮಾವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಮಾನ್ಯ ಮಾಡಿತು. ಆದರೆ 1870ರ ದಶಕದ ಬಡ ವಲಸಿಗರ ಮಗುವಿಗೆ ಇಂತಹ ಯಾವ ಔಷಧವೂ ಇರಲಿಲ್ಲ.

ಆ್ಯನಿಗೆ ಎಂಟು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಕುಟುಂಬ ಚದುರಿತು. 1876ರ ಫೆಬ್ರವರಿ 22ರಂದು ಆ್ಯನಿ ಮತ್ತು ತಮ್ಮ ಜಿಮ್ಮಿಯನ್ನು ಟ್ಯೂಕ್ಸ್‌ಬರಿ ಎಂಬಲ್ಲಿದ್ದ ಸರಕಾರಿ ಅನಾಥಾಲಯಕ್ಕೆ ಸೇರಿಸಲಾಯಿತು. ಆಗ ಆಕೆಗೆ ಹತ್ತು ವರ್ಷವೂ ತುಂಬಿರಲಿಲ್ಲ. ತಮ್ಮ ಇನ್ನೂ ಚಿಕ್ಕವನು, ಸೊಂಟಕ್ಕೆ ಕ್ಷಯ ತಗುಲಿ ಕುಂಟುತ್ತಿದ್ದ.

ಟ್ಯೂಕ್ಸ್‌ಬರಿಯ ಕತ್ತಲೆ

ನಾವು ಇಂದು ಅನಾಥಾಲಯ ಎಂದಾಗ ಮಕ್ಕಳ ಆಶ್ರಮವನ್ನು ಕಲ್ಪಿಸಿಕೊಳ್ಳುತ್ತೇವೆ. ಟ್ಯೂಕ್ಸ್‌ಬರಿ ಹಾಗಿರಲಿಲ್ಲ. ದಿಕ್ಕಿಲ್ಲದ ವೃದ್ಧರು, ರೋಗಿಗಳು, ಮಾನಸಿಕ ಅಸ್ವಸ್ಥರು, ಮನೆಯಿಂದ ಹೊರದೂಡಲ್ಪಟ್ಟ ಗರ್ಭಿಣಿಯರು, ಎಲ್ಲರನ್ನೂ ಒಂದೇ ಆವರಣದಲ್ಲಿ ಇಡಲಾಗಿತ್ತು. ಅಕ್ಕ ತಮ್ಮನನ್ನು ಬೇರ್ಪಡಿಸಬಾರದೆಂದು ಆ್ಯನಿ ಹಟ ಹಿಡಿದಳು. ಇಬ್ಬರನ್ನೂ ಮಹಿಳೆಯರ ವಿಭಾಗದಲ್ಲೇ ಇರಿಸಿದರು. ಕೆಲವೇ ತಿಂಗಳಲ್ಲಿ ಜಿಮ್ಮಿ ತೀರಿಕೊಂಡ. ರಾತ್ರಿ ಎಚ್ಚರವಾದಾಗ ಆ್ಯನಿ ಪಕ್ಕಕ್ಕೆ ಕೈಚಾಚಿದಳು. ತಮ್ಮನ ಮಂಚ ಅಲ್ಲಿರಲಿಲ್ಲ. ತಡವರಿಸುತ್ತಾ ಶವಗಳನ್ನು ಇಡುವ ಕೋಣೆಗೆ ಹೋಗಿ, ಕೈಯಿಂದ ಮುಟ್ಟಿ ಅವನನ್ನು ಗುರುತಿಸಿದಳು. ಈ ನೋವನ್ನು ಅವರು ಬಹಳ ವರ್ಷಗಳ ಕಾಲ ಹೆಲನ್ ಅವರಿಗೂ ಹೇಳಿಕೊಂಡಿರಲಿಲ್ಲ.

ಟ್ಯೂಕ್ಸ್‌ಬರಿಗೆ ಬರುತ್ತಿದ್ದ ಕಥೋಲಿಕ ಗುರುವೊಬ್ಬರು ಈ ಬಾಲಕಿಯ ಕಣ್ಣುಗಳನ್ನು ಗಮನಿಸಿದರು. ಹತ್ತಿರದ ಲೋವೆಲ್ ಪಟ್ಟಣದಲ್ಲಿ ಧರ್ಮಭಗಿನಿಯರು ನಡೆಸುತ್ತಿದ್ದ ಆಸ್ಪತ್ರೆಗೆ ಆಕೆಯನ್ನು ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದರು. ಕಣ್ಣು ಸುಧಾರಿಸಲಿಲ್ಲ. ನಂತರದ ಪ್ರಯತ್ನಗಳೂ ಆಗ ಫಲ ಕೊಡಲಿಲ್ಲ. ಆದರೂ ಯಾರ ಲೆಕ್ಕಕ್ಕೂ ಇಲ್ಲದ ಒಂದು ಮಗುವಿನ ಕಣ್ಣಿಗೆ ಚಿಕಿತ್ಸೆ ಬೇಕೆಂದು ಒಬ್ಬರಿಗಾದರೂ ಅನಿಸಿತಲ್ಲ, ಅದು ಸಣ್ಣ ಸಂಗತಿಯಲ್ಲ ಎಂದು ನಾವು ಭಾವಿಸುತ್ತೇವೆ.

ಟ್ಯೂಕ್ಸ್‌ಬರಿಯಲ್ಲಿದ್ದಾಗಲೇ ಕುರುಡು ಮಕ್ಕಳಿಗೂ ಶಾಲೆ ಇದೆಯೆಂಬ ಸುದ್ದಿ ಆಕೆಯ ಕಿವಿಗೆ ಬಿತ್ತು. 1880ರಲ್ಲಿ ರಾಜ್ಯದ ಧರ್ಮಾರ್ಥ ಮಂಡಳಿಯ ಫ್ರಾಂಕ್ ಸ್ಯಾನ್‌ಬಾರ್ನ್ ಅವರು ತಪಾಸಣೆಗೆ ಬಂದರು. ಯಾರು ಯಾರೆಂದು ಮುಖ ನೋಡಿ ಗುರುತಿಸಲಾಗದ ಆ್ಯನಿ ಆ ಗುಂಪಿನ ಹಿಂದೆಯೇ ಸುತ್ತಿದಳು. ಅವರು ಹೊರಡುವ ಹೊತ್ತಿಗೆ ನಡುವೆ ನುಗ್ಗಿ, ತನ್ನನ್ನು ಶಾಲೆಗೆ ಕಳುಹಿಸಬೇಕೆಂದು ಗೋಗರೆದಳು. ಅದು ಫಲಿಸಿತು. 1880ರ ಅಕ್ಟೋಬರ್ 7ರಂದು ಆಕೆ ಬೋಸ್ಟನ್ ನಗರದ ಪರ್ಕಿನ್ಸ್ ಅಂಧರ ಶಾಲೆಯನ್ನು ಪ್ರವೇಶಿಸಿದಳು.

ಅಂಧರ ಶಾಲೆಯಲ್ಲಿ ಕಣ್ಣು ಬಂದಾಗ

ಹದಿನಾಲ್ಕು ವರ್ಷದ ಆ್ಯನಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಸ್ವಂತದ್ದೆಂದು ಒಂದು ಬಾಚಣಿಗೆಯೂ ಇರಲಿಲ್ಲ. ಒಳ್ಳೆಯ ಮನೆತನದ ಸಹಪಾಠಿಗಳು ನಕ್ಕರು. ಆಕೆಯ ಕೋಪವೂ ಕಡಿಮೆಯದಲ್ಲ. ಶಿಕ್ಷಕರೊಂದಿಗೆ ಜಗಳ, ನಿಯಮಗಳ ಉಲ್ಲಂಘನೆ ಆಗಾಗ ನಡೆಯುತ್ತಿತ್ತು. ವಿದ್ಯಾರ್ಥಿನಿಯರ ಮನೆಯನ್ನು ನೋಡಿಕೊಳ್ಳುತ್ತಿದ್ದ ಸೋಫಿಯಾ ಹಾಪ್ಕಿನ್ಸ್ ಎಂಬ ಮಹಿಳೆ ಆಕೆಗೆ ತಾಯಿಯಂತೆ ಆಸರೆಯಾದರು.

ಪರ್ಕಿನ್ಸ್‌ನ ವರ್ಷಗಳಲ್ಲಿ ನಡೆದ ಶಸ್ತ್ರಚಿಕಿತ್ಸೆಗಳು ಯಶಸ್ವಿಯಾದವು. ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತು. ಮೊದಲ ಬಾರಿಗೆ ಆಕೆ ಸಾಮಾನ್ಯ ಮುದ್ರಣದ ಪುಸ್ತಕವನ್ನು ಸ್ವಲ್ಪ ಹೊತ್ತಾದರೂ ಕಣ್ಣಿನಿಂದಲೇ ಓದಬಲ್ಲವಳಾದಳು. ಆದರೆ ಇದು ಪೂರ್ಣ ದೃಷ್ಟಿಯಲ್ಲ. ಬಹಳ ಹೊತ್ತು ಓದಿದರೆ ಕಣ್ಣು ಕೆಂಪಾಗಿ ಉರಿಯುತ್ತಿತ್ತು.

ಇಲ್ಲಿ ಒಂದು ವಿಚಿತ್ರ ಸ್ಥಿತಿ ಉಂಟಾಯಿತು. ಅಂಧರ ಶಾಲೆಗೆ ಬೇಕಾದಷ್ಟು ಕುರುಡುತನ ಈಗ ಆಕೆಗಿಲ್ಲ. ಸಾಮಾನ್ಯ ಶಾಲೆಗೆ ಹೋಗುವಷ್ಟು ದೃಷ್ಟಿಯೂ ಇಲ್ಲ. ಹೋಗಲು ಬೇರೆ ಮನೆಯೂ ಇಲ್ಲದ್ದರಿಂದ ಪರ್ಕಿನ್ಸ್‌ನಲ್ಲೇ ಉಳಿದಳು. ಮಂದದೃಷ್ಟಿಯವರ ದೊಡ್ಡ ಸಂಕಟ ಇದೇ. ಅವರು ಬಿಳಿಕೋಲು ಹಿಡಿದಿರುವುದಿಲ್ಲ, ಆದ್ದರಿಂದ ಯಾರೂ ದಾರಿ ಬಿಡುವುದಿಲ್ಲ. ಪರಿಚಿತರ ಮುಖ ಗುರುತಿಸದೆ ಮುಂದೆ ಹೋದರೆ ಅಹಂಕಾರ ಎನ್ನುತ್ತಾರೆ. ನೆಲದ ಮೇಲೆ ಬಿದ್ದ ಬಿಳಿ ಬಟ್ಟೆಯನ್ನು ಎತ್ತಿಕೊಂಡರೆ, ಕಾಣುವುದಿಲ್ಲ ಎಂಬುದು ನಾಟಕ ಎನ್ನುತ್ತಾರೆ.

ಪರ್ಕಿನ್ಸ್‌ನಲ್ಲಿ ಲೌರಾ ಬ್ರಿಜ್‌ಮನ್ ಎಂಬ ಹಿರಿಯ ಮಹಿಳೆಯೂ ವಾಸಿಸುತ್ತಿದ್ದರು. ಕಣ್ಣು, ಕಿವಿ ಎರಡೂ ಇಲ್ಲದ ಅವರಿಗೆ ಶಾಲೆಯ ಸಂಸ್ಥಾಪಕ ನಿರ್ದೇಶಕ ಸ್ಯಾಮ್ಯುವೆಲ್ ಗ್ರಿಡ್ಲಿ ಹೋವ್ ಅವರು 1837ರಿಂದ ಭಾಷೆ ಕಲಿಸಿದ್ದರು. ಅವರೊಂದಿಗೆ ಮಾತನಾಡಲು ಆ್ಯನಿ ಬೆರಳಕ್ಷರಗಳನ್ನು ಕಲಿತಳು. 1886ರ ಜೂನ್‌ನಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ತರಗತಿಯ ಪರವಾಗಿ ಬೀಳ್ಕೊಡುಗೆಯ ಭಾಷಣ ಮಾಡುವ ಗೌರವದೊಂದಿಗೆ ಆಕೆ ಶಿಕ್ಷಣ ಮುಗಿಸಿದಳು. ಅಕ್ಷರ ಕಲಿಯಲು ಆರಂಭಿಸಿ ಆಗ ಆರು ವರ್ಷವೂ ಆಗಿರಲಿಲ್ಲ!

ಟಸ್ಕಂಬಿಯಾದ ಮನೆಗೆ

ಅದೇ ವರ್ಷ ಅಲಬಾಮಾದ ಕ್ಯಾಪ್ಟನ್ ಆರ್ಥರ್ ಕೆಲ್ಲರ್ ಅವರು ತಮ್ಮ ಆರು ವರ್ಷದ ಮಗಳಿಗೆ ಶಿಕ್ಷಕಿ ಬೇಕೆಂದು ಪರ್ಕಿನ್ಸ್‌ಗೆ ಬರೆದರು. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಬಂದ ಕಾಯಿಲೆಯಿಂದ ಹೆಲನ್ ದೃಷ್ಟಿ ಮತ್ತು ಶ್ರವಣ ಎರಡನ್ನೂ ಕಳೆದುಕೊಂಡಿದ್ದಳು. ನಿರ್ದೇಶಕ ಮೈಕೆಲ್ ಅನಾಗ್ನೋಸ್ ಅವರು ಆ್ಯನ್ ಅವರನ್ನು ಆರಿಸಿದರು. ಹೊರಡುವ ಮೊದಲು ಆ್ಯನ್ ಲೌರಾ ಅವರ ಶಿಕ್ಷಣದ ಕುರಿತು ಹೋವ್ ಬರೆದಿಟ್ಟ ದಾಖಲೆಗಳನ್ನೆಲ್ಲ ತಿಂಗಳುಗಟ್ಟಲೆ ಓದಿದರು. 1887ರ ಮಾರ್ಚ್ 3ರಂದು ಟಸ್ಕಂಬಿಯಾ ಊರಿನಲ್ಲಿ ರೈಲಿನಿಂದ ಇಳಿದಾಗ ಅವರ ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು.

ಮುಂದಿನ ಘಟನೆ ಎಲ್ಲರಿಗೂ ಗೊತ್ತು. ಹಟಮಾರಿ ಮಗುವಿನೊಡನೆ ಹೆಣಗಾಟ, ತೋಟದ ಪುಟ್ಟ ಮನೆಯಲ್ಲಿ ಇಬ್ಬರೇ ಕಳೆದ ದಿನಗಳು, ಏಪ್ರಿಲ್ 5ರಂದು ನೀರಿನ ಪಂಪಿನ ಬಳಿ ಹೆಲನ್‌ಗೆ ಪ್ರತಿಯೊಂದು ವಸ್ತುವಿಗೂ ಹೆಸರಿದೆಯೆಂಬ ಅರಿವು ಮೂಡಿದ್ದು. ನಾವು ಇಲ್ಲಿ ಗಮನಿಸಬೇಕಾದದ್ದು ಬೇರೊಂದು. ಆ್ಯನ್ ಅವರಿಗೆ ಮಗುವಿನ ಬಗ್ಗೆ ಕನಿಕರವಿರಲಿಲ್ಲ ಎಂದಲ್ಲ. ಆದರೆ ಕನಿಕರದಿಂದ ಮಗುವನ್ನು ಕೂರಿಸಿಡಲು ಅವರು ಒಪ್ಪಲಿಲ್ಲ. ಮನೆಯವರು ಪ್ರೀತಿಯಿಂದ ಎಲ್ಲವನ್ನೂ ಸಹಿಸಿಕೊಂಡಿದ್ದರು. ಆ್ಯನ್ ಅವರು ಆ ಮಗುವಿನ ಬಳಿ ಏನು ಉಳಿದಿದೆ ಎಂದು ನೋಡಿದರು. ಸ್ಪರ್ಶ ಉಳಿದಿತ್ತು. ಅಲ್ಲಿಂದಲೇ ಪಾಠ ಆರಂಭಿಸಿದರು.

ಕಾಲೇಜಿನ ನಾಲ್ಕು ವರ್ಷ

1900ರಲ್ಲಿ ಹೆಲನ್ ಅವರು ರ‍್ಯಾಡ್‌ಕ್ಲಿಫ್ ಕಾಲೇಜನ್ನು ಸೇರಿದರು. ಬೇಕಾದ ಪುಸ್ತಕಗಳಲ್ಲಿ ಉಬ್ಬಕ್ಷರದಲ್ಲಿ ದೊರೆಯುತ್ತಿದ್ದುದು ಕೆಲವೇ. ಹೀಗಾಗಿ ತರಗತಿಯಲ್ಲಿ ಆ್ಯನ್ ಪಕ್ಕದಲ್ಲಿ ಕುಳಿತು ಉಪನ್ಯಾಸವನ್ನೆಲ್ಲ ಹೆಲನ್ ಅವರ ಕೈಯಲ್ಲಿ ಬೆರಳಕ್ಷರಗಳಿಂದ ಬರೆಯುತ್ತಿದ್ದರು. ಮನೆಗೆ ಬಂದ ಮೇಲೆ ದಿನಕ್ಕೆ ನಾಲ್ಕೈದು ಗಂಟೆ ಪಠ್ಯಗಳನ್ನು ಓದಿ ಅದೇ ರೀತಿ ದಾಟಿಸುತ್ತಿದ್ದರು. ನಿಘಂಟಿನ ಸಣ್ಣ ಅಕ್ಷರಗಳನ್ನು ಹುಡುಕುವ ಕೆಲಸವೂ ಅವರದೇ. ಪುಸ್ತಕ ಮುಖಕ್ಕೆ ತಾಗುವಷ್ಟು ಹತ್ತಿರ, ಉರಿಯುವ ಕಣ್ಣು, ದಣಿಯುವ ಬೆರಳು!

ಕಣ್ಣಿಗೆ ವಿಶ್ರಾಂತಿ ಕೊಡದಿದ್ದರೆ ಅಪಾಯವೆಂದು ವೈದ್ಯರು ಎಚ್ಚರಿಸಿದರು. ಇದನ್ನು ತಿಳಿದ ಹೆಲನ್ ಅವರು ಒಂದು ಉಪಾಯ ಮಾಡಿದರು. ಯಾವುದಾದರೂ ಭಾಗವನ್ನು ಮತ್ತೊಮ್ಮೆ ಓದಬೇಕೇ ಎಂದು ಗುರು ಕೇಳಿದಾಗ, ನೆನಪಿಲ್ಲದಿದ್ದರೂ ನೆನಪಿದೆ ಎಂದು ಸುಳ್ಳು ಹೇಳುತ್ತಿದ್ದರು. ಗುರು ಶಿಷ್ಯೆಗಾಗಿ ಓದುತ್ತಾರೆ, ಶಿಷ್ಯೆ ಗುರುವಿಗಾಗಿ ಓದಿಸಿಕೊಳ್ಳುವುದನ್ನು ಬಿಡುತ್ತಾಳೆ. ಸೇವೆ ಪಡೆಯುವವರೂ ಸೇವೆ ಮಾಡುವವರನ್ನು ಕಾಯಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

1904ರಲ್ಲಿ ಹೆಲನ್ ಅವರು ಗೌರವಗಳೊಂದಿಗೆ ಪದವಿ ಪಡೆದರು. ಅದೇ ಪಾಠಗಳನ್ನೆಲ್ಲ ಓದಿದ್ದ ಆ್ಯನ್ ಅವರಿಗೆ ಯಾವ ಪ್ರಮಾಣಪತ್ರವೂ ಸಿಗಲಿಲ್ಲ. 1932ರಲ್ಲಿ ಟೆಂಪಲ್ ವಿಶ್ವವಿದ್ಯಾಲಯ ಗೌರವ ಪದವಿ ನೀಡಿತು. ಅಷ್ಟರಲ್ಲಿ ಇಪ್ಪತ್ತೆಂಟು ವರ್ಷ ಕಳೆದಿತ್ತು.

ಬೆಳಕೇ ನೋವಾದಾಗ

1905ರಲ್ಲಿ ಆ್ಯನ್ ಅವರು ಲೇಖಕ ಜಾನ್ ಮೇಸಿ ಅವರನ್ನು ವಿವಾಹವಾದರು. ಕೆಲವು ವರ್ಷಗಳ ಬಳಿಕ ದಂಪತಿ ಬೇರೆಯಾದರು. ಅವರ ಬಾಳು ಸಂತರ ಚರಿತ್ರೆಯಂತಲ್ಲ. ಮುಂಗೋಪ, ಖಿನ್ನತೆ, ಹಟ ಕೊನೆಯವರೆಗೂ ಇದ್ದವು. ಬಾಲ್ಯದ ಧರ್ಮಾಚರಣೆಯಿಂದಲೂ ಅವರು ದೂರ ಸರಿದಿದ್ದರು. ಇದನ್ನು ಮುಚ್ಚಿಟ್ಟು ಹೊಗಳುವುದು ಅವರಿಗೆ ಮಾಡುವ ನ್ಯಾಯವಲ್ಲ.

ಜೀವನೋಪಾಯಕ್ಕಾಗಿ 1920ರಿಂದ ಕೆಲವು ವರ್ಷ ಇಬ್ಬರೂ ರಂಗಮಂದಿರಗಳಲ್ಲಿ ಕಾರ್ಯಕ್ರಮ ನೀಡಿದರು. ವೇದಿಕೆಯ ಪ್ರಖರ ದೀಪಗಳು ಆ್ಯನ್ ಅವರ ಕಣ್ಣಿಗೆ ಚುಚ್ಚುತ್ತಿದ್ದವು. 1914ರಿಂದ ಅವರೊಂದಿಗಿದ್ದ ಪಾಲಿ ಥಾಮ್ಸನ್ ಅವರು ಹಲವು ಬಾರಿ ಅವರ ಬದಲಿಗೆ ವೇದಿಕೆ ಏರಬೇಕಾಯಿತು. ಮಬ್ಬಾದ ಕಾರ್ನಿಯಾದಲ್ಲಿ ಬೆಳಕು ನೇರವಾಗಿ ಸಾಗದೆ ಚದುರುತ್ತದೆ. ಮಂಜು ಹಿಡಿದ ಗಾಜಿನ ಮೇಲೆ ಎದುರಿನ ವಾಹನದ ದೀಪ ಬಿದ್ದಂತೆ ಎಲ್ಲವೂ ಬೆಳ್ಳಗೆ ಹರಡಿಕೊಳ್ಳುತ್ತದೆ. ಆದ್ದರಿಂದ ಇಂತಹವರಿಗೆ ಬೆಳಕು ಹೆಚ್ಚು ಬೇಕು ನಿಜ, ಆದರೆ ಅದು ಪುಸ್ತಕದ ಮೇಲೆ ಬೀಳಬೇಕು, ಕಣ್ಣಿಗಲ್ಲ.

1920ರ ದಶಕದ ಕೊನೆಯಲ್ಲಿ ಹೆಲನ್ ಅವರು ತಮ್ಮ ಜೀವನದ ಎರಡನೇ ಭಾಗವನ್ನು ಬರೆದರು. 1929ರಲ್ಲಿ ಅದು ಪ್ರಕಟವಾಯಿತು. ಅದರ ಹಸ್ತಪ್ರತಿಗಳನ್ನು ಆ್ಯನ್ ಅವರು ಎರಡು ಮಸೂರಗಳ, ದೂರದರ್ಶಕದ ಮಾದರಿಯ ಕನ್ನಡಕ ಹಾಕಿಕೊಂಡು ಓದಿದರು. ಮೂಗಿನ ಮೇಲೆ ಭಾರವಾಗಿ ಕೂರುವ, ಅಕ್ಷರಗಳನ್ನು ದೊಡ್ಡದಾಗಿಸಿದರೂ ಒಂದು ಸಲಕ್ಕೆ ಸ್ವಲ್ಪವೇ ಭಾಗ ತೋರಿಸುವ ಸಾಧನವದು. ಇಂದು ನಾವು ಲೋ ವಿಷನ್ ಸಾಧನ ಎನ್ನುವುದರ ಆರಂಭದ ರೂಪ. ಅದು ಅವರ ಕಣ್ಣನ್ನು ಗುಣಪಡಿಸಲಿಲ್ಲ. ಆದರೆ ತಾನು ಮಾಡಬೇಕೆಂದಿದ್ದ ಕೆಲಸವನ್ನು ಮುಗಿಸಲು ಅವಕಾಶ ಮಾಡಿಕೊಟ್ಟಿತು.

ಅದೇ 1929ರಲ್ಲಿ ನೋವು ತಡೆಯಲಾಗದೆ ಬಲಗಣ್ಣನ್ನು ತೆಗೆಯಬೇಕಾಯಿತು. ಇನ್ನೊಂದು ಕಣ್ಣೂ ಕ್ಷೀಣಿಸುತ್ತಾ ಬಂದು 1935ರ ವೇಳೆಗೆ ಅವರು ಪೂರ್ತಿ ಅಂಧರಾದರು. ಬ್ರೈಲ್ ಓದುವುದನ್ನು ಮತ್ತೆ ಅಭ್ಯಾಸ ಮಾಡಿಸಲು ಈಗ ಹೆಲನ್ ಅವರೇ ಪಕ್ಕದಲ್ಲಿ ಕುಳಿತರು. ಗುರು ಸುಲಭದ ವಿದ್ಯಾರ್ಥಿಯಾಗಿರಲಿಲ್ಲ. ಬೆರಳಿನಲ್ಲಿ ಓದುವ ತಾಳ್ಮೆ ಅವರಿಗೆ ಬರಲೇ ಇಲ್ಲ. 1936ರ ಅಕ್ಟೋಬರ್ 20ರಂದು ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನ ಮನೆಯಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ ಆ್ಯನ್ ತೀರಿಕೊಂಡರು. ಆಗ ಅವರ ಕೈ ಹೆಲನ್ ಅವರ ಕೈಯಲ್ಲಿತ್ತು. ಚಿತಾಭಸ್ಮವನ್ನು ವಾಷಿಂಗ್ಟನ್‌ನ ರಾಷ್ಟ್ರೀಯ ಕಥೆಡ್ರಲ್‌ನಲ್ಲಿ ಇರಿಸಲಾಯಿತು. 1968ರಲ್ಲಿ ನಿಧನರಾದ ಹೆಲನ್ ಅವರ ಭಸ್ಮವೂ ಅಲ್ಲಿಯೇ ಇದೆ.

ಓದಿದ್ದರಿಂದ ಕಣ್ಣು ಹೋಯಿತೇ?

ಆ್ಯನ್ ಅವರು ತಮ್ಮ ಕಣ್ಣನ್ನು ಶಿಷ್ಯೆಗಾಗಿ ಸವೆಸಿ ಕುರುಡರಾದರು ಎಂದು ಪ್ರವಚನಗಳಲ್ಲಿ ಹೇಳುವುದುಂಟು. ಕೇಳಲು ಹೃದಯಸ್ಪರ್ಶಿ. ಆದರೆ ಇಂದಿನ ತಿಳಿವಳಿಕೆಯ ಪ್ರಕಾರ ಇದು ಸರಿಯಲ್ಲ. ಅವರ ದೃಷ್ಟಿಯನ್ನು ಕಸಿದದ್ದು ಟ್ರಕೋಮಾ ಉಳಿಸಿಹೋದ ಗಾಯಗಳು ಮತ್ತು ನಂತರದ ಕಣ್ಣಿನ ತೊಂದರೆಗಳು. ಓದಿದ್ದರಿಂದ ಕಣ್ಣು ದಣಿಯಿತು, ಉರಿಯಿತು, ತಲೆನೋವು ಬಂದಿರಬಹುದು. ಆದರೆ ಓದುವುದರಿಂದ ದೃಷ್ಟಿ ಖರ್ಚಾಗಿ ಮುಗಿಯುವುದಿಲ್ಲ. ಅದು ದೀಪದ ಎಣ್ಣೆಯಲ್ಲ.

ಆ ಕಾಲದಲ್ಲಿ ತಜ್ಞರೂ ಹಾಗೆಯೇ ನಂಬಿದ್ದರು. 1913ರಲ್ಲಿ ಬೋಸ್ಟನ್‌ನ ರಾಕ್ಸ್‌ಬರಿಯಲ್ಲಿ ಅರೆದೃಷ್ಟಿಯ ಮಕ್ಕಳಿಗಾಗಿ ಅಮೆರಿಕದ ಮೊದಲ ಪ್ರತ್ಯೇಕ ತರಗತಿ ಆರಂಭವಾಯಿತು. ಅದಕ್ಕೆ ಪ್ರೇರಣೆ ನೀಡಿದವರು ಆ್ಯನ್ ಕಲಿತ ಪರ್ಕಿನ್ಸ್ ಶಾಲೆಯ ಅಂದಿನ ನಿರ್ದೇಶಕ ಎಡ್ವರ್ಡ್ ಆ್ಯಲನ್. ದೊಡ್ಡ ಅಕ್ಷರ, ಒಳ್ಳೆಯ ಬೆಳಕು ಅಲ್ಲಿದ್ದವು. ಅದು ಮುಂದಿನ ಹೆಜ್ಜೆ. ಆದರೆ ಇಂತಹ ತರಗತಿಗಳಿಗೆ ದೃಷ್ಟಿಯನ್ನು ಉಳಿತಾಯ ಮಾಡುವ ತರಗತಿ ಎಂಬ ಹೆಸರು ಬಂತು. ಕಣ್ಣನ್ನು ಕಡಿಮೆ ಬಳಸಬೇಕು ಎಂಬುದೇ ಚಿಂತನೆ. 1953ರಲ್ಲಿ, ಆ್ಯನ್ ಕೊನೆಯುಸಿರೆಳೆದ ಅದೇ ನ್ಯೂಯಾರ್ಕ್ ನಗರದಲ್ಲಿ ಲೋ ವಿಷನ್ ಕ್ಲಿನಿಕ್‌ಗಳು ಆರಂಭವಾದವು. 1964ರಲ್ಲಿ ನಟಾಲಿ ಬರಾಗಾ ಎಂಬ ಶಿಕ್ಷಣತಜ್ಞೆ, ಅಲ್ಪ ದೃಷ್ಟಿಯ ಮಕ್ಕಳಿಗೆ ನೋಡುವ ತರಬೇತಿ ನೀಡಿದರೆ ಅವರು ಅದೇ ದೃಷ್ಟಿಯನ್ನು ಇನ್ನಷ್ಟು ಚೆನ್ನಾಗಿ ಬಳಸುತ್ತಾರೆ ಎಂದು ತೋರಿಸಿದರು. ಉಳಿಸುವುದರ ಬದಲು ಬಳಸುವುದು ಎಂಬ ತಿರುವು ಹೀಗೆ ಬಂತು.

ಆದ್ದರಿಂದ ಆ್ಯನ್ ಅವರ ತ್ಯಾಗ ಕಡಿಮೆಯಾಯಿತೇ? ಇಲ್ಲ. ಓದಿದರೆ ಕಣ್ಣು ಹೋಗುತ್ತದೆ ಎಂದು ನಂಬಿಯೂ ಅವರು ಓದಿದರು. ಆದರೆ ನಮ್ಮ ಮನೆಯ ಹಿರಿಯರು ಆ ಭಯವನ್ನು ಹೊರಬೇಕಾಗಿಲ್ಲ.

ನಾವು ಮಾಡಬಹುದಾದದ್ದು

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇಪ್ಪತ್ತೊಂದು ವೈಕಲ್ಯಗಳ ಪಟ್ಟಿಯಲ್ಲಿ ಅಂಧತ್ವದ ಜೊತೆಗೆ ಮಂದದೃಷ್ಟಿಯನ್ನೂ ಹೆಸರಿಸಿದೆ. ಕನ್ನಡಕ ಹಾಕಿದ ನಂತರವೂ ಹೆಚ್ಚು ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆಯಿದ್ದು 3/60ರವರೆಗೆ ಇದ್ದರೆ ಅದು ಮಂದದೃಷ್ಟಿ. ನೋಟದ ವ್ಯಾಪ್ತಿ ತೀರಾ ಕಿರಿದಾಗಿದ್ದರೂ ಇದೇ ಗುಂಪಿಗೆ ಸೇರುತ್ತದೆ. ಆ್ಯನ್ ಅವರಿಗೆ ಸಿಗದ ಹೆಸರು, ಅದರೊಂದಿಗೆ ಪ್ರಮಾಣಪತ್ರ ಕೇಳುವ ಹಕ್ಕು ಇಂದು ಇದೆ.

ಮೊದಲ ಕೆಲಸ ನೇತ್ರತಜ್ಞರಿಗೆ ತೋರಿಸುವುದು. ಕಣ್ಣಿನ ಪೊರೆಯಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಸರಿಯಾಗುತ್ತದೆ. ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದಾದ ತೊಂದರೆಯಾಗಿದ್ದರೆ ಚಿಕಿತ್ಸೆ ನಿಲ್ಲಿಸಬಾರದು. ಚಿಕಿತ್ಸೆಯಿಂದ ಇನ್ನು ಸುಧಾರಣೆ ಇಲ್ಲವೆಂದು ವೈದ್ಯರು ಹೇಳಿದರೆ ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಮನೆಗೆ ಬರಬೇಡಿ. ಲೋ ವಿಷನ್ ವಿಭಾಗ ಎಲ್ಲಿದೆ ಎಂದು ಕೇಳಿ. ಅಲ್ಲಿ ರೋಗಿಗೆ ಏನು ಮಾಡಬೇಕೆಂಬ ಆಸೆಯಿದೆ ಎಂದು ಮೊದಲು ವಿಚಾರಿಸುತ್ತಾರೆ. ಪತ್ರಿಕೆ ಓದುವುದಕ್ಕೆ ಒಂದು ಸಾಧನ, ಬಸ್ಸಿನ ಬೋರ್ಡು ನೋಡುವುದಕ್ಕೆ ಇನ್ನೊಂದು. ಕೈಯಲ್ಲಿ ಹಿಡಿಯುವ ಭೂತಗನ್ನಡಿ, ಪುಟದ ಮೇಲೆ ನಿಲ್ಲಿಸುವ ಭೂತಗನ್ನಡಿ, ಪುಸ್ತಕವನ್ನು ಬಹಳ ಹತ್ತಿರ ಹಿಡಿದು ಓದುವ ದಪ್ಪ ಮಸೂರದ ಕನ್ನಡಕ, ದೂರಕ್ಕೆ ಪುಟ್ಟ ದುರ್ಬೀನು, ಅಕ್ಷರವನ್ನು ಪರದೆಯಲ್ಲಿ ಹಿಗ್ಗಿಸುವ ಯಂತ್ರ, ಹೀಗೆ ಹಲವು ಬಗೆಗಳಿವೆ. ಯಾವುದು ಹೊಂದುತ್ತದೆ ಎಂಬುದನ್ನು ಪರೀಕ್ಷಿಸಿಯೇ ಕೊಡಬೇಕು, ಬಳಸಲು ಕೆಲವು ದಿನಗಳ ಅಭ್ಯಾಸವೂ ಬೇಕು. ಪುಸ್ತಕವನ್ನು ಮೂಗಿನ ಬಳಿ ಹಿಡಿದರೆ ಕಣ್ಣಿಗೆ ಹಾನಿ ಎಂಬ ಅಂಜಿಕೆ ಬೇಡ.

ಹಣವಿಲ್ಲದೆಯೂ ಮಾಡಬಹುದಾದದ್ದು ಬಹಳವಿದೆ. ಓದುವ ದೀಪವನ್ನು ಭುಜದ ಪಕ್ಕದಿಂದ ಪುಟದ ಮೇಲೆ ಬೀಳುವಂತೆ ಇಡಿ. ಕಪ್ಪು ರಟ್ಟಿನಲ್ಲಿ ಒಂದು ಸಾಲಿನಷ್ಟು ಸೀಳು ಕತ್ತರಿಸಿ ಪುಟದ ಮೇಲಿಟ್ಟರೆ ಸಾಲು ತಪ್ಪುವುದಿಲ್ಲ, ಕಾಗದದ ಪ್ರತಿಫಲನವೂ ತಗ್ಗುತ್ತದೆ. ಮಾತ್ರೆಯ ಡಬ್ಬಿಯ ಮೇಲೆ ದಪ್ಪ ಸ್ಕೆಚ್ ಪೆನ್ನಿನಿಂದ ದೊಡ್ಡದಾಗಿ ಬರೆಯಿರಿ. ಗಂಜಿಯನ್ನು ಬಿಳಿ ಬಟ್ಟಲಲ್ಲಿ ಬಡಿಸುವ ಬದಲು ಗಾಢ ಬಣ್ಣದ ಬಟ್ಟಲಲ್ಲಿ ಬಡಿಸಿ. ಬಿಸಿಲಿಗೆ ಹೊರಡುವಾಗ ಅಂಚಿನ ಟೋಪಿ ಇರಲಿ. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಡುವುದು ಮೊಮ್ಮಕ್ಕಳಿಗೆ ಒಂದು ನಿಮಿಷದ ಕೆಲಸ.

ಚರ್ಚ್‌ಗಳಲ್ಲೂ ಇದೇ ಗಮನ ಬೇಕು. ಗಾಯನ ಪುಸ್ತಕದ ಕೆಲವು ಪ್ರತಿಗಳನ್ನಾದರೂ ದೊಡ್ಡ ಅಕ್ಷರದಲ್ಲಿ ಮುದ್ರಿಸಿಡಬಹುದು. ಮೆಟ್ಟಿಲುಗಳ ಅಂಚಿಗೆ ಎದ್ದು ಕಾಣುವ ಬಣ್ಣ ಬಳಿಯಬಹುದು. ವಾಚನ ಪೀಠಕ್ಕೆ ಒಂದು ದೀಪ ಹಾಕಬಹುದು. ವರ್ಷಗಟ್ಟಲೆ ವಾಚನ ಓದಿದ ಹಿರಿಯರ ಹೆಸರನ್ನು ಪಟ್ಟಿಯಿಂದ ತೆಗೆಯುವ ಮೊದಲು ಅವರಿಗೆ ದೊಡ್ಡ ಅಕ್ಷರದ ಪ್ರತಿ ಕೊಟ್ಟು ನೋಡೋಣ. ಎದುರು ಸಿಕ್ಕಾಗ ತಾನು ಯಾರೆಂದು ಹೆಸರು ಹೇಳಿ ಮಾತನಾಡಿಸೋಣ. ಗುರುತು ಹಿಡಿಯುವ ಪರೀಕ್ಷೆ ಒಡ್ಡುವುದು ಬೇಡ.

ದೃಷ್ಟಿಯನ್ನು ಆಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಪಟ್ಟಿಯಿಂದ ಅಳೆಯುತ್ತಾರೆ. ಆದರೆ ಬದುಕಿನ ಗುಣಮಟ್ಟವನ್ನು ಅಳೆಯುವುದು ಬೇರೆ ಪ್ರಶ್ನೆಗಳಿಂದ: ತನ್ನ ಮಾತ್ರೆಯನ್ನು ತಾನೇ ಗುರುತಿಸಬಲ್ಲರೇ, ಬಸ್ಸಿನ ಚಿಲ್ಲರೆಯನ್ನು ತಾನೇ ಎಣಿಸಬಲ್ಲರೇ, ಮಗಳ ಪತ್ರವನ್ನು ಬೇರೆಯವರಿಂದ ಓದಿಸದೆ ತಾನೇ ಓದಬಲ್ಲರೇ? ಆ್ಯನ್ ಸಲಿವನ್ ಅವರ ಕಣ್ಣುಗಳು ಯಾವ ಅಕ್ಷರಪಟ್ಟಿಯಲ್ಲೂ ಹೆಚ್ಚು ಅಂಕ ಪಡೆಯುತ್ತಿರಲಿಲ್ಲ. ಆದರೂ ಅವೇ ಕಣ್ಣುಗಳಿಂದ ಅವರು ಒಂದು ಕಾಲೇಜಿನ ಗ್ರಂಥಗಳನ್ನು ಓದಿ ಮತ್ತೊಬ್ಬರ ಅಂಗೈಗೆ ದಾಟಿಸಿದರು.

ಈ ವಾರ ನಮ್ಮ ನೆರೆಯಲ್ಲಿ ಪುಸ್ತಕ ಮುಚ್ಚಿಟ್ಟಿರುವ ಹಿರಿಯರೊಬ್ಬರನ್ನು ಭೇಟಿಯಾಗೋಣ. ಓದಬೇಡಿ ಎನ್ನುವ ಬದಲು, ಕಿಟಕಿಯ ಪಕ್ಕಕ್ಕೆ ಕುರ್ಚಿ ಸರಿಸಿ, ಆ ಪುಸ್ತಕವನ್ನು ಕಪಾಟಿನಿಂದ ತೆಗೆದು ಅವರ ಕೈಗೆ ಕೊಡೋಣ.